ಕೋಡಿಯ ಮಠ: ಕಲ್ಲು ಉಳಿಯಿತು, ದಾಸೋಹ ಎಲ್ಲಿ?

ಸ್ಥಾವರ-ಜಂಗಮಗಳ ಭೇದವನ್ನು ಶರಣರು ಎತ್ತಿ ಹೇಳಿದ್ದು, ಕಲ್ಲಿಗೆ ಕೈಮುಗಿದು ಹಸಿದವನನ್ನು ಮರೆಯುವ ಮನಸ್ಸನ್ನು ತಿದ್ದಲೆಂದು. ಆ ಮಾತನ್ನು ಇಂದು ಒರೆಗೆ ಹಚ್ಚಬೇಕಾದ ಸ್ಥಳ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ.

ಅಲ್ಲಮಪ್ರಭುಗಳ ಹುಟ್ಟೂರೆಂದು ಪರಂಪರೆ ನಂಬಿರುವ ಈ ಊರಿನ ಕೇದಾರೇಶ್ವರ ಸನ್ನಿಧಿಯಲ್ಲಿ ಕಾಳಾಮುಖ ಯತಿಗಳ ಕೋಡಿಯ ಮಠವಿತ್ತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠದ ನಿತ್ಯ ವ್ಯವಹಾರವನ್ನು ವಿವರವಾಗಿ ತಿಳಿಸುತ್ತದೆ. ಅಲ್ಲಿ ನಾಲ್ಕು ವೇದಗಳ, ಪಾಣಿನೀಯ ಮೊದಲಾದ ವ್ಯಾಕರಣಗಳ, ಯೋಗಶಾಸ್ತ್ರದ ಪಾಠ ನಡೆಯುತ್ತಿತ್ತು. ನ್ಯಾಯ, ವೈಶೇಷಿಕ, ಸಾಂಖ್ಯಗಳೊಂದಿಗೆ ಬೌದ್ಧ ದರ್ಶನವನ್ನೂ ಬೋಧಿಸುತ್ತಿದ್ದರು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಅನ್ಯ ಪಂಥಗಳ ಕ್ಷಪಣಕರಿಗೂ ಸನ್ಯಾಸಿಗಳಿಗೂ ಅನ್ನವಿತ್ತು. ರೋಗಿಗಳಿಗೆ ಔಷಧವಿತ್ತು. ಸಕಲ ಜೀವಿಗಳಿಗೆ ಅಭಯವಿತ್ತು.

ಇಂದು ಕೇದಾರೇಶ್ವರ ದೇವಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯಂತೆ ಇಂಥ ಸ್ಮಾರಕಗಳ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆಯ 200 ಮೀಟರು ನಿಯಂತ್ರಿತ ವಲಯ. "ನಮ್ಮ ಗುಡಿಯ ಪಕ್ಕದಲ್ಲಿ ನಾವೇ ಒಂದು ಮಂಟಪ ಕಟ್ಟುವಂತಿಲ್ಲವೇ?" ಎಂದು ಇಂಥ ಊರುಗಳಲ್ಲಿ ಗೊಣಗುವ ಭಕ್ತರುಂಟು. ಆದರೆ ನಾಡಿನ ಎಷ್ಟೋ ಗುಡಿಗಳ ಶಿಲ್ಪಗಳಿಗೆ ಸುಣ್ಣ ಬಳಿದವರು, ಶಾಸನದ ಕಲ್ಲನ್ನು ಬಟ್ಟೆ ಒಗೆಯುವ ಹಾಸುಗಲ್ಲಾಗಿಸಿದವರು ಯಾರು? ಆ ಗುಡಿಗಳನ್ನು "ನಮ್ಮವು" ಎಂದವರೇ ಅಲ್ಲವೇ? ಕಾಯಿದೆಯ ಬೇಲಿ ಬೇಕೇ ಬೇಕು.

ಬೇಲಿಯೊಳಗೆ ಕಲ್ಲು ಉಳಿದೀತು. ದಾಸೋಹವನ್ನು ಕಾಯುವ ಕಲಮು ಯಾವ ಕಾಯಿದೆಯಲ್ಲೂ ಇಲ್ಲ. ಅದು ಭಕ್ತರ ಹೊಣೆ. ಮಂಟಪಕ್ಕೆ ಅಡ್ಡಿಯುಂಟೆಂದು ಕೊರಗುವವರಿಗೆ ಹಸಿದವನಿಗೆ ಅನ್ನವಿಡಲು, ಬಡ ಮಕ್ಕಳಿಗೆ ಅಕ್ಷರ ಕಲಿಸಲು ಅಡ್ಡಿ ಮಾಡಿದವರಾರು?

"ಅದು ಕಾಳಾಮುಖರ ಮಠ, ಶರಣರದಲ್ಲ" ಎಂದು ಜಾರಿಕೊಳ್ಳುವವರೂ ಇದ್ದಾರೆ. ಮಠ ಕಾಳಾಮುಖರದೇ, ನಿಜ. ಆದರೆ ಉಣಬಡಿಸುವಾಗ ಪಂಥವನ್ನು ಕೇಳದ ಮಠದ ಬಾಗಿಲಲ್ಲಿ ನಿಂತು ಪಂಥವನ್ನು ಕೇಳುವುದು, ಕುಲವನ್ನೇ ಕೇಳದ ಶರಣರ ಮಕ್ಕಳಿಗೆ ಶೋಭಿಸದು.

ಬಳ್ಳಿಗಾವಿಗೆ ಹೋಗುವ ಭಕ್ತರು ಅಲ್ಲಿ ಕಲ್ಲನ್ನು ಮುಟ್ಟದೆ, ಗೀಚದೆ, ಶಿರಬಾಗಿ ಬರಲಿ. ಊರಿಗೆ ಮರಳಿದ ಮೇಲೆ ಒಬ್ಬ ವಿದ್ಯಾರ್ಥಿಯ ಓದನ್ನು, ಒಬ್ಬ ರೋಗಿಯ ಔಷಧವನ್ನು ತಮ್ಮ ಕಾಯಕದ ಗಳಿಕೆಯಿಂದ ನಡೆಸಲಿ. ಕೋಡಿಯ ಮಠದ ಜೀರ್ಣೋದ್ಧಾರ ಅಲ್ಲಿಂದ ಆರಂಭವಾಗುತ್ತದೆ.