ಜೀಪಿನ ನಿಜವಾದ ಜನಕರು ಯಾರು?

ಜೀಪು ಎಂಬ ಮಾತನ್ನು ಕೇಳರಿಯದ ಕನ್ನಡಿಗರು ವಿರಳ. ಅಧಿಕಾರಿಗಳ ಸವಾರಿ, ಅರಣ್ಯ ಇಲಾಖೆಯ ಸಂಚಾರ, ಮಲೆನಾಡಿನ ತೋಟಗಳ ಕೆಸರುದಾರಿ ಇವುಗಳೊಡನೆ ಬಹುಕಾಲ ಬೆರೆತು ಅದು ನಮ್ಮದೇ ಪದವಾಗಿಬಿಟ್ಟಿದೆ. ಆದರೆ ಈ ವಾಹನವನ್ನು ಮೊತ್ತಮೊದಲು ಕಟ್ಟಿದವರು ಯಾರೆಂದು ತರಗತಿಯಲ್ಲಿ ಕೇಳಿದರೆ, ವಿದ್ಯಾರ್ಥಿಗಳು ‘ವಿಲ್ಲೀಸ್’ ಎನ್ನುತ್ತಾರೆ; ಒಬ್ಬಿಬ್ಬರು ‘ಫೋರ್ಡ್’ ಎನ್ನುವುದೂ ಉಂಟು. ಎರಡು ಉತ್ತರಗಳೂ ತಪ್ಪೆಂದು ನಾವು ಹೇಳಬೇಕಾಗಿದೆ.

1940ರ ಜುಲೈ ತಿಂಗಳಿನಲ್ಲಿ ಅಮೆರಿಕಾದ ಸೇನೆಯು 135 ಕಂಪನಿಗಳಿಗೆ ಬೇಡಿಕೆಯೊಂದನ್ನು ಕಳುಹಿಸಿತು. ನಾಲ್ಕು ಗಾಲಿಗಳಿಗೂ ಎಂಜಿನಿನ ಶಕ್ತಿ ಹರಿಯಬೇಕು. 600 ಪೌಂಡು ಹೊರೆಯನ್ನು ಹೊರಬೇಕು. ವಾಹನದ ಸ್ವಂತ ತೂಕ ಮಾತ್ರ 1300 ಪೌಂಡುಗಳನ್ನು, ಎಂದರೆ ಸುಮಾರು 590 ಕಿಲೋಗ್ರಾಂಗಳನ್ನು, ಮೀರಕೂಡದು. ಮಾದರಿಯನ್ನು 49 ದಿನಗಳಲ್ಲಿ ತಂದೊಪ್ಪಿಸಬೇಕು! ದೊಡ್ಡ ಕಂಪನಿಗಳು ಮೌನ ತಾಳಿದವು. ವಿಲ್ಲೀಸ್-ಓವರ್‌ಲ್ಯಾಂಡ್ ಕಂಪನಿಯು ಹೆಚ್ಚಿನ ಕಾಲಾವಕಾಶವನ್ನು ಬೇಡಿತು. ಗಡುವಿಗೆ ಒಪ್ಪಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಪಟ್ಟಣದಲ್ಲಿದ್ದ, ಪುಟ್ಟ ಕಾರುಗಳನ್ನು ತಯಾರಿಸಿ ದಿವಾಳಿಯ ಅಂಚಿಗೆ ಬಂದಿದ್ದ, ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಸಂಸ್ಥೆ ಮಾತ್ರ.

ಅದು ಡೆಟ್ರಾಯಿಟಿನಿಂದ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿಕೊಂಡಿತು. ಆತ ಎರಡೇ ದಿನಗಳಲ್ಲಿ ನಕ್ಷೆಗಳನ್ನು ರಚಿಸಿದ. ಸೆಪ್ಟೆಂಬರ್ 23ರ ಸಂಜೆ, ಗಡುವಿಗೆ ಅರ್ಧ ಗಂಟೆಯಷ್ಟೇ ಉಳಿದಿರುವಾಗ, ವಾಹನ ಮೇರಿಲ್ಯಾಂಡಿನ ಹೋಲಾಬರ್ಡ್ ಶಿಬಿರವನ್ನು ಮುಟ್ಟಿತು. ತೂಕದ ಮಿತಿಯನ್ನು ಅದು ಮೀರಿತ್ತೆಂಬುದು ನಿಜ; ಆದರೆ ಅಷ್ಟು ಹಗುರವಾದ ವಾಹನ ಯಾರಿಂದಲೂ ಸಾಧ್ಯವಾಗದೆ ಸೇನೆಯೇ ಮುಂದೆ ಮಿತಿಯನ್ನು 2160 ಪೌಂಡುಗಳಿಗೆ ಏರಿಸಿತು.

ಈ ವಾಹನದ ಹಿರಿಮೆ ಎಲ್ಲಿದೆ? ಗಾಲಿಯು ನೆಲವನ್ನು ಹಿಂದಕ್ಕೆ ನೂಕುತ್ತದೆ, ನೆಲವು ಗಾಲಿಯನ್ನು ಮುಂದಕ್ಕೆ ನೂಕುತ್ತದೆ. ಈ ನೂಕು, ಗಾಲಿಯ ಮೇಲಿರುವ ಭಾರವನ್ನು ಘರ್ಷಣ ಗುಣಾಂಕದಿಂದ ಗುಣಿಸಿದಷ್ಟನ್ನು ಮೀರಲಾರದು. ಒದ್ದೆ ಜೇಡಿಯಲ್ಲಿ ಆ ಗುಣಾಂಕ ತೀರ ಕುಗ್ಗುತ್ತದೆ. ಎರಡೇ ಗಾಲಿಗಳು ಎಳೆಯುವ ಕಾರಿನಲ್ಲಿ ಒಟ್ಟು ಭಾರದ ಸರಿಸುಮಾರು ಅರ್ಧಭಾಗ ಮಾತ್ರ ಉಪಯೋಗಕ್ಕೆ ಬಂದರೆ, ನಾಲ್ಕೂ ಎಳೆಯುವಾಗ ಪೂರ್ಣ ಭಾರವೇ ಒದಗುತ್ತದೆ. ಇನ್ನು ಏರು ಹತ್ತುವ ಮಾತು. ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿ ಮೊದಲ ಗೇರು 2.66, ಅದಕ್ಕೆ ಜೋಡಿಸಿದ ತಗ್ಗು ಗೇರು 1.97, ಅಚ್ಚಿನ ಗೇರು 4.88. ಮೂರನ್ನೂ ಗುಣಿಸಿ ನೋಡಿರಿ: ಎಂಜಿನು 25ಕ್ಕೂ ಮಿಕ್ಕಿ ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ಗೇರುಗಳಲ್ಲಿ ಆಗುವ ನಷ್ಟವನ್ನು ಬಿಟ್ಟರೆ, ತಿರುಗಿಸುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಅಶ್ವಶಕ್ತಿಯೊಂದನ್ನೇ ಕೂಗಿ ಹೇಳುವ ಇಂದಿನ ಜಾಹೀರಾತುಗಳನ್ನು ಓದುವವರು ಈ ಗುಣಾಕಾರವನ್ನು ಒಮ್ಮೆ ಮಾಡಿನೋಡುವುದು ಒಳ್ಳೆಯದು.

ನಾಲ್ಕು ಗಾಲಿಗಳ ಎಳೆತ, ತಗ್ಗು ಗೇರು, ಕುಳ್ಳಾದ ಹಗುರ ಮೈ: ಈ ಮೂರೂ ಬ್ಯಾಂಟಮ್ ಮಾದರಿಯಲ್ಲಿಯೇ ಇದ್ದವು. ಸೇನೆಯು ಆ ನಕ್ಷೆಗಳನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೂ ಕೊಟ್ಟಿತು! ಅವುಗಳ ಮಾದರಿಗಳು ಬಂದದ್ದು ನವೆಂಬರಿನಲ್ಲಿ. ಅವರ ಕೊಡುಗೆಯನ್ನು ನಾವು ಅಲ್ಲಗಳೆಯುವುದಿಲ್ಲ. ವಿಲ್ಲೀಸಿನ ಡೆಲ್ಮಾರ್ ರೂಸ್ ಸಿದ್ಧಪಡಿಸಿದ 60 ಅಶ್ವಶಕ್ತಿಯ ಎಂಜಿನು ಬ್ಯಾಂಟಮಿನದಕ್ಕಿಂತ ಬಲವಾದುದಾಗಿತ್ತು. ಇಂದು ಜೀಪಿನ ಗುರುತೇ ಆಗಿರುವ ಸೀಳುಗಂಡಿಯ ಮುಖ ಫೋರ್ಡಿನವರ ಅಚ್ಚೊತ್ತಿದ ಉಕ್ಕಿನ ತಗಡಿನಿಂದ ಬಂದುದು. ಯುದ್ಧ ಮುಗಿಯುವ ವೇಳೆಗೆ ವಿಲ್ಲೀಸ್ ಸುಮಾರು 3,60,000, ಫೋರ್ಡ್ ಸುಮಾರು 2,80,000 ಜೀಪುಗಳನ್ನು ತಯಾರಿಸಿದ್ದವು. ಬ್ಯಾಂಟಮ್ ತಯಾರಿಸಿದವು 3000ಕ್ಕೂ ಕಡಿಮೆ. ಅದಕ್ಕೆ ಕೊನೆಗೆ ದೊರೆತದ್ದು ಜೀಪುಗಳ ಹಿಂದೆ ಕಟ್ಟುವ ಹೊರೆಗಾಡಿಗಳ ಕೆಲಸ.

ಜೀಪನ್ನು ಸೃಷ್ಟಿಸಿದವರು ತಾವೇ ಎಂದು ವಿಲ್ಲೀಸಿನವರು ಜಾಹೀರಾತು ಮಾಡಿದರು. ಅಮೆರಿಕಾ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ 1948ರಲ್ಲಿ ಅದನ್ನು ತಳ್ಳಿಹಾಕಿತು. ಆ ಕಲ್ಪನೆ ಬ್ಯಾಂಟಮಿನವರಿಗೂ ಅವರೊಡನೆ ದುಡಿದ ಕೆಲವು ಸೇನಾಧಿಕಾರಿಗಳಿಗೂ ಸೇರಿದುದೆಂದು ತೀರ್ಮಾನಿಸಿತು. ಆದರೂ 1950ರಲ್ಲಿ ‘ಜೀಪ್’ ಎಂಬ ಹೆಸರು ವಿಲ್ಲೀಸಿನ ನೋಂದಾಯಿತ ಮುದ್ರೆಯಾಯಿತು. ತರುವಾಯ ಅದು ಕೈಸರ್, ಅಮೆರಿಕನ್ ಮೋಟಾರ್ಸ್, ಕ್ರೈಸ್ಲರ್ ಎಂದು ಕೈಯಿಂದ ಕೈಗೆ ದಾಟಿತು. 2021ರಿಂದ ಸ್ಟೆಲ್ಲಾಂಟಿಸ್ ಕಂಪನಿಯ ಸ್ವತ್ತಾಗಿದೆ. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲಾರಂಭಿಸಿದ್ದೂ ವಿಲ್ಲೀಸ್ ಜೀಪುಗಳನ್ನೇ. ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಆ ಹೆಸರು ನಿಂತುದರಲ್ಲಿ ಆಶ್ಚರ್ಯವಿಲ್ಲ. ಅವರನ್ನು ದೂರಲೂ ಆಗದು.

ದೂರಬೇಕಾದುದು ಪುಸ್ತಕ ಬರೆಯುವವರನ್ನು, ಪಾಠ ಹೇಳುವ ನಮ್ಮಂಥವರನ್ನು. ಹೆಸರಿನ ಹಕ್ಕು ನ್ಯಾಯವಾಗಿ ಯಾರದೇ ಇರಲಿ, ಸೃಷ್ಟಿಯ ಇತಿಹಾಸವನ್ನು ಅದರೊಂದಿಗೆ ಕೊಟ್ಟುಬಿಡುವ ಅಧಿಕಾರ ನಮಗಿಲ್ಲ. ಸಾಮಾನ್ಯಜ್ಞಾನದ ಪುಸ್ತಕಗಳನ್ನು ಸಿದ್ಧಪಡಿಸುವವರು ಮುಂದಿನ ಮುದ್ರಣದಲ್ಲಿ ಜೀಪಿನ ಎದುರಿಗೆ ಬ್ಯಾಂಟಮ್ ಎಂದೂ, ಸ್ಥಳವಿದ್ದರೆ ಕಾರ್ಲ್ ಪ್ರಾಬ್ಸ್ಟ್ ಎಂದೂ ಅಚ್ಚು ಹಾಕಿಸಬೇಕೆಂದು ನಾವು ಕೋರುತ್ತೇವೆ.