ಗೋದಾಮಿನ ಬೆಂಕಿ ಕೊಳವೆ ಸಣ್ಣದಾಗಬಾರದು

ಸಂಘದ ಗೋದಾಮಿಗೆ ಅಗ್ನಿರಕ್ಷಣೆಯ ಕೊಳವೆ ಹಾಕಿಸುವಾಗ 4 ಅಂಗುಲದ ಬದಲು 2 ಅಂಗುಲದ್ದು ಸಾಕು, ಖರ್ಚು ಉಳಿಯುತ್ತದೆ ಎಂದು ಕೆಲವು ಸದಸ್ಯರ ಸಲಹೆ. ನಾವು ಇದನ್ನು ಒಪ್ಪಲಾರೆವು. ಗುಡ್ಡದ ಮೇಲಿನ ತೊಟ್ಟಿ 40 ಮೀಟರ್ ಎತ್ತರದಲ್ಲಿದೆ. 10 ಮೀಟರಿಗೆ ಚದರ ಸೆಂಟಿಮೀಟರಿಗೆ 1 ಕಿಲೋದಂತೆ 4 ಕಿಲೋ ಒತ್ತಡ ಇದೆಯಲ್ಲ ಎನ್ನುತ್ತಾರೆ. ನಿಜ, ಆದರೆ ಅದು ವಾಲ್ವ್ ಮುಚ್ಚಿ ನೀರು ನಿಂತಾಗಿನ ಮಾತು. ನೀರು ಹರಿಯತೊಡಗಿದೊಡನೆ ಕೊಳವೆಯೊಳಗಿನ ಘರ್ಷಣೆ ಒತ್ತಡವನ್ನು ತಿನ್ನುತ್ತದೆ. ಅಷ್ಟೇ ನೀರು ಸಾಗಬೇಕಾದರೆ, ವ್ಯಾಸ ಅರ್ಧವಾದಾಗ ಈ ನಷ್ಟ ಇಮ್ಮಡಿಯಲ್ಲ, ಸುಮಾರು 30 ಪಟ್ಟು!

ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕುವ ಕಾಫಿ ಬೆಳೆಗಾರರಿಗೆ ಇದು ಹೊಸತೇನಲ್ಲ. ಪಂಪಿನ ಬಳಿಯ ಜೆಟ್ ಚೆನ್ನಾಗಿ ತಿರುಗುತ್ತದೆ, ಸಣ್ಣ ಪೈಪಿನ ಕೊನೆಯದು ಬರೀ ತೊಟ್ಟಿಕ್ಕುತ್ತದೆ. ಅಲ್ಲಿ ಹೋಗುವುದು ಒಂದು ಸಾಲಿನ ಹೂ. ಗೋದಾಮಿನಲ್ಲಿರುವುದು ಎಲ್ಲ ಸದಸ್ಯರ ವರ್ಷದ ಅಡಿಕೆ, ಕಾಫಿ. ಜೊತೆಗೆ ಕಿಡಿ ತಾಗಿದರೆ ಸಾಕು ಹೊತ್ತಿಕೊಳ್ಳುವ ಖಾಲಿ ಗೋಣಿಚೀಲಗಳ ರಾಶಿ.

ಕೊಳವೆ ಹಾಕಿದ ಮೇಲೂ ಗುತ್ತಿಗೆದಾರರು ಮಾಪಕದ ಮುಳ್ಳು ತೋರಿಸಿದರೆ ಸಾಲದು. ಅತಿ ದೂರದ ಹೋಸನ್ನು ಪೂರ್ತಿ ತೆರೆಸಿ, ನೀರು ರಭಸವಾಗಿ ಹರಿಯುತ್ತಿರುವಾಗಲೇ ಅಲ್ಲಿಯ ಒತ್ತಡ ಅಳೆಯಬೇಕು. ಬಿಲ್ಲಿಗೆ ಸಹಿ ಅದರ ಅನಂತರ.