ಗಾಳಿ ಪಿಸ್ತೂಲೂ ಸಂಗ್ರಾಹಕರ ಹೊಣೆಯೂ

ಹಳೆಯ ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುವವರಂತೆ ಹಳೆಯ ಸ್ಪ್ರಿಂಗ್ ಗಾಳಿ ಪಿಸ್ತೂಲುಗಳನ್ನು ಕೂಡಿಡುವ ಮಹನೀಯರೂ ಉಂಟು. ಇದು ನಿರುಪದ್ರವಿಯಾದ ಹವ್ಯಾಸವೆಂಬುದು ಅವರ ಮತ. ಹವ್ಯಾಸವನ್ನು ನಾವು ಹಳಿಯುವುದಿಲ್ಲ. ಆದರೆ ಗೋಪಿನಾಥಂನಂತಹ ಊರನ್ನು ತನ್ನ ಮಡಿಲಲ್ಲಿಟ್ಟುಕೊಂಡಿರುವ ನಾಡಿನಲ್ಲಿ ಆಯುಧವನ್ನು ಕೇವಲ ಆಟದ ವಸ್ತುವೆಂದು ಎಣಿಸತಕ್ಕದ್ದಲ್ಲವೆಂದು ಹೇಳುವುದು ನಮ್ಮ ಕರ್ತವ್ಯವಾಗಿದೆ.

ಈ ಯಂತ್ರದಲ್ಲಿ ಮದ್ದಿಲ್ಲ, ಹೊಗೆಯಿಲ್ಲ. ಅದುಮಿಟ್ಟ ಸ್ಪ್ರಿಂಗು ಬಿಡುಗಡೆಯಾದೊಡನೆ ಕೊಂತವು ಮುನ್ನುಗ್ಗಿ, ಗಾಳಿಯನ್ನು ಒತ್ತಿ, ಸೀಸದ ಗುಂಡನ್ನು ನಳಿಗೆಯಿಂದ ಹೊರಕ್ಕೆ ದೂಡುತ್ತದೆ. 1924ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಸಂಸ್ಥೆಯವರು ಹೊರತಂದ ಪಿಸ್ತೂಲಿನಲ್ಲಿ ನಳಿಗೆಯನ್ನೇ ಸನ್ನೆಯಾಗಿ ಮೇಲೆತ್ತಿ ಸ್ಪ್ರಿಂಗನ್ನು ಬಿಗಿಯುವ ಏರ್ಪಾಡಿತ್ತು. ಕೊಂತವು ಹಿಂದಕ್ಕೆ ಚಲಿಸುತ್ತಿತ್ತು. ಆದುದರಿಂದ ಚಿಕ್ಕ ಆಯುಧದಲ್ಲಿಯೇ ಉದ್ದನೆಯ ನಳಿಗೆಯನ್ನು ಅಳವಡಿಸಲು ಸಾಧ್ಯವಾಯಿತು. ಇಂತಹ ಕೌಶಲವನ್ನು ಮೆಚ್ಚದವರು ಯಾರು?

ಇನ್ನು ನಕಲುಗಳ ಮಾತು. ಅಸಲೆಂದರೆ ಪೂಜ್ಯ, ನಕಲೆಂದರೆ ಹೀನ ಎಂಬುದು ಪೇಟೆಯ ನ್ಯಾಯ. ಚರಿತ್ರೆಯ ನ್ಯಾಯ ಅಷ್ಟು ಸುಲಭವಲ್ಲ. ಜರ್ಮನಿಯ ರಾಸ್ಟಾಟ್ ಪಟ್ಟಣದ ಕಾರ್ಖಾನೆಯೊಂದು ‘ಡಯಾನಾ’ ಎಂಬ ಹೆಸರಿನಲ್ಲಿ ಗಾಳಿ ಕೋವಿಗಳನ್ನು ಮಾಡುತ್ತಿತ್ತು. ಎರಡನೆಯ ಮಹಾಯುದ್ಧದ ತರುವಾಯ ಗೆದ್ದವರು ಅದರ ಯಂತ್ರಗಳನ್ನೂ ಹೆಸರನ್ನೂ ಸ್ಕಾಟ್ಲೆಂಡಿನ ಮಿಲ್ಬ್ರೋ ಸಂಸ್ಥೆಗೆ ವಹಿಸಿಕೊಟ್ಟರು. ಮತ್ತೆ ಕೆಲಸವನ್ನಾರಂಭಿಸಿದ ಜರ್ಮನರು ಬ್ರಿಟನ್ನಿನ ಪೇಟೆಯಲ್ಲಿ ತಮ್ಮ ಸರಕಿಗೆ ‘ಒರಿಜಿನಲ್’ ಎಂದು ಹೆಸರಿಡಬೇಕಾಯಿತು. 1984ರಲ್ಲಿ ಮಾತ್ರ ಅವರ ಹೆಸರು ಅವರಿಗೆ ಮರಳಿತು. ಇವುಗಳಲ್ಲಿ ಅಸಲು ಯಾವುದು, ನಕಲು ಯಾವುದು? ಅದೇ ಮಾದರಿಯನ್ನು ನೋಡಿ ನಮ್ಮ ದೇಶದ ಕಮ್ಮಟಗಳೂ ಗಾಳಿ ಕೋವಿಗಳನ್ನು ಮಾಡಿವೆ. ನೋಡಿ ಕಲಿಯುವುದು ಪಾಪವಲ್ಲ. ನೋಡಿ ಮಾಡಿದುದನ್ನು ಅಸಲೆಂದು ಮಾರುವುದು ಪಾಪ. ಎಲ್ಲಿ ಹುಟ್ಟಿತು, ಯಾರು ಮಾಡಿದರು, ಎಂದು ಬಂತು ಎಂಬುದನ್ನು ಬರೆದಿಟ್ಟ ನಕಲು, ಹುಟ್ಟು ತಿಳಿಯದ ಅಸಲಿಗಿಂತ ಮೇಲೆಂದು ನಾವು ಭಾವಿಸುತ್ತೇವೆ.

ಕಾನೂನಿನ ಮಾತನ್ನೂ ಮರೆಯಲಾಗದು. ಗುಂಡಿನ ಶಕ್ತಿ 20 ಜೌಲನ್ನು ಅಥವಾ ನಳಿಗೆಯ ರಂಧ್ರ 4.5 ಮಿಲಿಮೀಟರನ್ನು ಮೀರಿದ ಗಾಳಿ ಆಯುಧಗಳನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಗೆ ಒಳಪಡಿಸಿವೆ. ಹಳೆಯ ವೆಬ್ಲಿಗಳು 4.5ರಲ್ಲಿಯೂ 5.5ರಲ್ಲಿಯೂ ಮಾರಾಟವಾಗಿದ್ದುವು. ಅಜ್ಜನ ಪೆಟ್ಟಿಗೆಯಲ್ಲಿ ದೊರೆತುದು ಎರಡನೆಯ ಬಗೆಯದಾದರೆ ‘ಇದು ಗಾಳಿಯದು’ ಎಂಬ ಸಮಾಧಾನ ಸಾಲದು.

ಗೋಪಿನಾಥಂ ಇರುವುದು ಕಾವೇರಿ ವನ್ಯಜೀವಿಧಾಮದ ಸೆರಗಿನಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪ್ಪಣೆಯಿಲ್ಲದೆ ಆಯುಧವನ್ನು ಹಿಡಿದು ವನ್ಯಜೀವಿಧಾಮವನ್ನು ಪ್ರವೇಶಿಸತಕ್ಕದ್ದಲ್ಲ. ಪ್ರಾಣಿಯನ್ನು ಗಾಯಗೊಳಿಸಬಲ್ಲ ಉಪಕರಣವೆಲ್ಲವೂ ಅಲ್ಲಿ ಆಯುಧವೇ. ಗುಬ್ಬಿಗೆ, ಪಾರಿವಾಳಕ್ಕೆ, ಅಳಿಲಿಗೆ ಅದು ಗಾಳಿಯ ಗುಂಡೋ ಮದ್ದಿನ ಗುಂಡೋ ಎಂಬ ಭೇದವುಂಟೆ?

ಆ ಊರಿನವರಿಗೆ ಈ ಪಾಠವನ್ನು ಹೊರಗಿನವರು ಹೇಳಬೇಕಾದುದಿಲ್ಲ. ವೀರಪ್ಪನ್ ಹುಟ್ಟಿದುದು ಅಲ್ಲಿಯೇ. ಅವನನ್ನು ಶರಣಾಗತನನ್ನಾಗಿ ಮಾಡಬಹುದೆಂದು ನಂಬಿ ನಿರಾಯುಧರಾಗಿ ಹೊರಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು 1991ರ ನವೆಂಬರ್ 10ರಂದು ಹತರಾದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಗುಂಡಿಗೆ ಬಲಿಯಾಗುವವರೆಗೆ ಆ ಕಾಡಿನ ಎರಡು ಪಕ್ಕಗಳಲ್ಲಿಯೂ ಹರಿದ ರಕ್ತವನ್ನು ಎಲ್ಲರೂ ಬಲ್ಲರು. ಆದರೆ ಗೋಪಿನಾಥಂನ ಜನರು ಕೃತಜ್ಞತೆಯಿಂದ ನೆನೆಯುತ್ತಿರುವುದು ಕೋವಿ ಹಿಡಿದವನನ್ನಲ್ಲ; ಊರಿಗೆ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟ ಆ ನಿರಾಯುಧ ಅಧಿಕಾರಿಯನ್ನು.

ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚಿಯಲ್ಲಿ ಗಾಳಿ ಕೋವಿಗಳನ್ನು ಒಪ್ಪಿಸುವ ಆಂದೋಲನವು ಆರಂಭವಾಯಿತು. ಯಾರ ದಂಡನೆಗೂ ಅಂಜದೆ, ಹಕ್ಕಿಗಳ ಉಳಿವಿಗಾಗಿ ಎರಡು ಸಾವಿರಕ್ಕೂ ಮಿಕ್ಕ ಕೋವಿಗಳನ್ನು ಜನರು ತಾವಾಗಿಯೇ ತಂದೊಪ್ಪಿಸಿದರು. ಕನ್ನಡಿಗರು ಈ ವಿಷಯದಲ್ಲಿ ಹಿಂದುಳಿಯಬೇಕಾದ ಕಾರಣವಿಲ್ಲ. ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಯ ಕಾಡಂಚಿನ ಹಳ್ಳಿಗಳಲ್ಲಿ ಹುಡುಗರ ಕೈಯಲ್ಲಿರುವ ಗಾಳಿ ಕೋವಿಗಳನ್ನು ಹಿರಿಯರು ಇಂತಹುದೇ ಸೌಜನ್ಯದಿಂದ ಕೂಡಿಹಾಕಬಹುದು. ಅರಣ್ಯ ಇಲಾಖೆಯೂ ದಂಡದ ಮಾತನ್ನು ಹಿಂದಿಟ್ಟು ಮನವೊಲಿಕೆಯ ಮಾತನ್ನು ಮುಂದಿಡತಕ್ಕದ್ದು.

ಸಂಗ್ರಾಹಕರಾದರೋ ತಮ್ಮ ವಸ್ತುಗಳನ್ನು ಬೀಗದೊಳಗಿಡಲಿ. ಪ್ರತಿಯೊಂದರ ಹುಟ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ನಕಲನ್ನು ನಕಲೆಂದೇ ಹೇಳಲಿ. ತಮ್ಮ ಕಾಲಾನಂತರ ಅವು ಅರಿಯದವರ ಕೈಸೇರದಂತೆ ವಸ್ತುಸಂಗ್ರಹಾಲಯಕ್ಕೋ ಕಾನೂನು ಬಲ್ಲವರಿಗೋ ಒಪ್ಪಿಸುವ ಏರ್ಪಾಡನ್ನು ಈಗಲೇ ಮಾಡಲಿ. ಕಾಡಿನ ದಾರಿಯಲ್ಲಿ ಮಾತ್ರ ಅವು ಎಂದಿಗೂ ಹೆಗಲೇರದಿರಲಿ. ಹಾಗಾದಲ್ಲಿ ಅದು ವಿದ್ಯೆ; ಅಲ್ಲದಿದ್ದಲ್ಲಿ ಅದು ಬರಿಯ ಆಯುಧ. ಈ ನಾಡು ಆಯುಧಗಳನ್ನು ಬೇಕಾದಷ್ಟು ಕಂಡಿದೆ.